ಶ್ರೀಶೈಲದ ದಾರಿಯಲ್ಲಿ ಇಬ್ಬರು ಅಳಿಯಂದಿರು

26-3-78, ಭಾನುವಾರ. ನಾಲತವಾಡ

ಎಂದಿನಂತೆ ಐದಕ್ಕೆ ಎದ್ದೆ. ದಂಡ ಐವತ್ತು, ಬೈಠಕ್ ನೂರು. ಎರಡು ವಾರದ ರಜೆ ಮಂಜೂರಾಗಿದೆ. ಅರ್ಜಿಯಲ್ಲಿ ಬರೆದ ಕಾರಣ — ಶ್ರೀಶೈಲ ಪಾದಯಾತ್ರೆ. ನಿಜವಾದ ಕಾರಣ — ಮನೆ.

ಮಗಳು ಕಸ್ತೂರಿ ಗಂಡನನ್ನು ಬಿಟ್ಟು ಬಂದು ನಾಲ್ಕು ತಿಂಗಳಾಯಿತು. ಮದುವೆಯಲ್ಲಿ ನಾನು ಕೊಟ್ಟ ಹೊಲಿಗೆ ಮಶಿನ್ನನ್ನು ಅಳಿಯ ರೇವಣಪ್ಪ "ಒಳಗ ಹೆಂಗೈತಿ ನೋಡ್ತೇನಿ" ಅಂತ ಬಿಚ್ಚಿ ಹರವಿದನಂತೆ. ಇಂಡಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಜೋಡಿಸಲಿಲ್ಲ. ಕೇಳಿದರೆ ಮಾತೂ ಆಡಲಿಲ್ಲ. ಈಗ ಇಲ್ಲಿ ಮಗಳು ಪಾತ್ರೆ ಕುಕ್ಕುತ್ತಾಳೆ, ಹೆಂಡತಿ ಶಂಕ್ರೆವ್ವ ಮೂಗು ಒರೆಸುತ್ತಾಳೆ. "ಅವ್ರು ಕರ್ಯಾಕ ಬಂದ್ರ ಇವತ್ತ ಹೋಗ್ತೇನಿ" ಎನ್ನುತ್ತಾಳೆ ಕಸ್ತೂರಿ. ಕರೆಯಲು ಯಾರೂ ಬಂದಿಲ್ಲ. ಆ ವಿಷಯ ಇಲ್ಲಿಗೆ ಸಾಕು.

ನನಗೆ ಶಾಂತಿ ಬೇಕು. ಗುಡ್ಡ, ಕಾಡು, ಬಾಯಿ ಮುಚ್ಚಿಕೊಂಡ ಮಂದಿ. ಮಧ್ಯಾಹ್ನ ಹೊರಡುವುದು.

28-3-78

ಕಾಲು!! ಮುಂದೆ ಹೆಗಲ ಮೇಲೆ ದೇವರ ಕಂಬಿ ಹೊತ್ತ ಅಮಸಿದ್ದನಿಗೆ ಎಪ್ಪತ್ತು ವರ್ಷ, ಬರಿಗಾಲು. ನನಗೆ ಐವತ್ತೆರಡು, ಹೈಸ್ಕೂಲಿನ ಡ್ರಿಲ್ ಮಾಸ್ತರ, ಹೊಸ ಕ್ಯಾನ್ವಾಸ್ ಬೂಟು. ನಿನ್ನೆ ಗುಂಪಿಗೆಲ್ಲ ಲೆಫ್ಟ್-ರೈಟ್ ಹೇಳಿಕೊಟ್ಟೆ. ಇವತ್ತು ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ.

"ಮಾಸ್ತರ್ರ, ಬೂಟು ಬಿಚ್ರಿ. ಮಗಳ ಮನಿಗೆ ಹೊಂಟೇವಿ, ಕವಾಯತಿಗಲ್ಲ" ಎಂದ ಅಮಸಿದ್ದ. ನಮ್ಮ ಗುಂಪಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮಗಳಿಗೆ ಸೀರೆ, ಉಡಿಯಕ್ಕಿ ಒಯ್ಯುವುದು. ಅಳಿಯನಿಗೆ ಬಾಯಿ ತುಂಬ ಬೈಗುಳ. ಬೈಯದಿದ್ದರೆ ಬೀಗರು ಬಂದ ಹಾಗೇ ಅಲ್ಲವಂತೆ. ಒಳ್ಳೆಯ ಪದ್ಧತಿ. ಮನೆಯಲ್ಲೂ ಇರಬೇಕಿತ್ತು.

31-3-78, ರಾಯಚೂರಿನ ಹತ್ತಿರ

ಸಾಲೋಟಗಿ ಕಡೆಯ ಗುಂಪು ಬಂದು ಕೂಡಿಕೊಂಡಿತು. ಅದರಲ್ಲಿ ಭುಜದ ತನಕ ಕೂದಲು ಬಿಟ್ಟ ಒಬ್ಬ. ಎಲ್ಲೋ ನೋಡಿದ ಹಾಗಿದೆ ಅಂದುಕೊಂಡೆ... ರೇವಣಪ್ಪ!

ಬಂದವನೇ ಬಾಗಿ ಕಾಲು ಹಿಡಿದ. ಸರಿಯಾಗಿ ಬೊಬ್ಬೆಯ ಮೇಲೆ. ಚೀರಿದೆ. ನಾಲ್ಕು ತಿಂಗಳ ಮೇಲೆ ಅಳಿಯನನ್ನು ಕಂಡು ಮಾವನಿಗೆ ದುಃಖ ಒತ್ತರಿಸಿತು ಅಂತ ಹೆಂಗಸರು ಕಣ್ಣೊರೆಸಿಕೊಂಡರು.

5-4-78. ಆತ್ಮಕೂರ ದಾಟಿ, ಕಾಡಿನಲ್ಲಿ

ಐದು ದಿನ ಬರೆಯಲಿಲ್ಲ. ನಾನು ಹಿಂದುಳಿದರೆ ಅವನೂ ಹಿಂದೆ, ಮುಂದೆ ಹೋದರೆ ಮುಂದೆ. ತುಟಿ ಎರಡು ಮಾಡುವುದಿಲ್ಲ. ಇವತ್ತು ಕೇಳದೆ ನನ್ನ ಗಂಟು ಎತ್ತಿಕೊಂಡ. ಕೊಡು ಎಂದರೆ ಕೊಡಲಿಲ್ಲ. ಬಿಸಿನೀರು ಕಾಸಿ ತಂದು ಕಾಲ ಹತ್ತಿರ ಇಟ್ಟು ಹೋದ.

ಕಾಡು ಬಹಳ ಶಾಂತ. ಎಲೆ ಬಿದ್ದರೂ ಕೇಳಿಸುತ್ತದೆ. ಕೇಳಿಸುವುದೇ ತೊಂದರೆ — ತಲೆಯೊಳಗೆ ಇವನ ಜೊತೆ ನನ್ನ ಜಗಳ ಹಿಟ್ಟಿನ ಗಿರಣಿಯ ಹಾಗೆ ನಡೆದಿದೆ.

6-4-78, ಮಧ್ಯಾಹ್ನ. ಕೈಲಾಸ ದ್ವಾರ

ಮಾನ ಹೋಯಿತು. ಬರೆದುಬಿಡುತ್ತೇನೆ.

ಭೀಮನಕೊಳ್ಳದ ಏರು ಹತ್ತಿ ಬಂದೆವು. ಅಮಸಿದ್ದ ಕಂಬಿ ಇಳಿಸಿ ಬೈಗುಳ ಶುರು ಮಾಡಿದ. "ಏ ಅಳಿಯಾ ಮಲ್ಲಯ್ಯಾ, ನಮ್ಮ ಮಗಳನ್ನ ಈ ಅಡವ್ಯಾಗ ತಂದಿಟ್ಟಿಯಲ್ಲೋ!" ಎಲ್ಲರೂ ಒಂದೊಂದು ಬೈದರು. ನನ್ನ ಪಾಳಿ ಬಂತು. ಬಾಯಿ ಬಿಟ್ಟೆ, ಅಷ್ಟೇ ಗೊತ್ತು.

"ನಾಲ್ಕು ತಿಂಗಳಾತಲ್ಲೋ! ಒಂದು ಕಾರ್ಡ್ ಬರದಿಯೇನು? ಹೊಲಿಗಿ ಮಶಿನ್ ಬಿಚ್ಚಿ ಹಾಕಿದ್ಯಲ್ಲ, ನಿನಗೇನು ಬುದ್ಧಿ ಐತಿ? ಇಂಡ್ಯಾಗ ಅಂಗಡಿ ಇಟ್ಟರ ದೊಡ್ಡ ಮನಶ್ಯಾ ಆದಿ?"

ಅಮಸಿದ್ದ ಮೆಲ್ಲಗೆ ಕೇಳಿದ: "ಮಾಸ್ತರ್ರ, ಮಲ್ಲಯ್ಯಂದು ಇಂಡ್ಯಾಗ ಯಾವ ಅಂಗಡಿ ಐತ್ರಿ?"

ಆಗ ರೇವಣಪ್ಪ ಮುಂದೆ ಬಂದ. ನನ್ನ ಕಡೆ ನೋಡಲಿಲ್ಲ, ಕೈಮುಗಿದು ಗುಡ್ಡಕ್ಕೆ ಹೇಳಿದ.

"ಮಲ್ಲಯ್ಯಾ, ನೀನೂ ಅಳಿಯ, ನಾನೂ ಅಳಿಯ. ನೀನರ ಕೇಳು. ಮಶಿನ್ ಜೋಡಿಸಿ, ಎಣ್ಣಿ ಬಿಟ್ಟು, ಸಂಕ್ರಮಣದ ದಿನ ಕರ್ಯಾಕ ಹೋಗಿದ್ನಿ. ಹೆಣಮಕ್ಕಳು ಹೊಳಿಗೆ ಹೋಗಿದ್ರು. ಮಾವಾರು ಬಾಗಲದಾಗ ಅಟೆನ್ಶನ್ ನಿಲ್ಲಿಸಿದ್ರು. ಮೊದಲ ಕಟಿಂಗ್ ಮಾಡಿಸ್ಕೊಂಡು ಬಾ, ಆಮ್ಯಾಲ ಹೆಂಡ್ತಿ ಅಂದ್ರು. ಹೆಂಗ ಮಾಡಿಸಲಿ? ಅಕಿ ಸಲುವಾಗಿ ನಿನಗ ಮುಡಿ ಹರಕಿ ಹೊತ್ತಿದ್ನಿ."

ನಿಜ. ಬಂದಿದ್ದ. ಹೀಗೇ ಅಟ್ಟಿದ್ದೆ. ಹೆಂಡತಿಗೆ ಹೇಳಿಲ್ಲ, ಮಗಳಿಗೆ ಹೇಳಿಲ್ಲ, ಈ ದಿನಚರಿಗೂ ಸುಳ್ಳು ಬರೆದೆ. ನಾಚಿಕೆಯಾಗುತ್ತಿದೆ. ಒಬ್ಬರೂ ನನ್ನನ್ನು ಬೈಯಲಿಲ್ಲ, ಅದು ಇನ್ನೂ ಕಷ್ಟ.

8-4-78, ಯುಗಾದಿ. ಶ್ರೀಶೈಲ

ರೇವಣಪ್ಪ ಮುಡಿ ಕೊಟ್ಟ. ತಲೆ ತಾಮ್ರದ ತಂಬಿಗೆಯಂತೆ ಹೊಳೆಯುತ್ತಿದೆ.

"ಕಸ್ತೂರಿಗೆ ಒಂದು ಕಾರ್ಡ್ ಹಾಕಿ ಯಾಕ ಹೇಳಲಿಲ್ಲೋ?" ಎಂದೆ.

"ಹೇಳಿದ್ರ ಅಕಿಗೆ ಅಪ್ಪನ ಮ್ಯಾಲ ಸಿಟ್ಟು ಬರ್ತಿತ್ರಿ."

ಇಷ್ಟೇ ಮಾತು. ಮಲ್ಲಯ್ಯನ ಮುಂದೆ ನಿಂತೆ, ಏನೂ ಬೇಡಲಿಲ್ಲ. ಮಗಳಿಗೆ ಇದನ್ನು ಹೇಗೆ ಹೇಳುವುದು ಅಂತಲೇ ಯೋಚಿಸುತ್ತಿದ್ದೆ.

10-4-78, ಸಂಜೆ. ನಾಲತವಾಡ

ಇಬ್ಬರೂ ಬಸ್ಸಿನಲ್ಲಿ ಬಂದೆವು. ಕಸ್ತೂರಿ ಬಾಗಿಲಲ್ಲಿ ಇದ್ದಳು. ಬೋಳುತಲೆ ಯಾರದೆಂದು ಗುರುತು ಸಿಕ್ಕಿದ್ದೇ ಸೆರಗು ಬಾಯಿಗೆ ಒತ್ತಿಕೊಂಡಳು.

"ಈಗರ ನೆನಪಾತೇನ್ರಿ?" ಎಂದಳು. ಅವನು ನೆಲ ನೋಡಿದ. ಈಗಲೂ ಬಾಯಿ ಬಿಡಲಿಲ್ಲ, ಪುಣ್ಯಾತ್ಮ.

"ಇದು ಎರಡನೇ ಸಲ, ಕಸ್ತೂರಿ. ಮೊದಲ ಬಂದಾಗ ನಾನ ಅಟ್ಟಿದ್ನಿ" ಎಂದೆ.

ನನ್ನ ಜೊತೆ ಮಾತಾಡದೆ ಒಳಗೆ ಹೋಗಿ ಟ್ರಂಕಿಗೆ ಬಟ್ಟೆ ತುಂಬಲು ಕೂತಳು. ನಾಳೆ ಆರರ ಬಸ್ಸಿಗೆ ಹೋಗುತ್ತಾರಂತೆ. ಶಂಕ್ರೆವ್ವ ಒಂದು ತಾಸಿನಿಂದ ಬೈಯುತ್ತಿದ್ದಾಳೆ. ಎಲ್ಲ ಸರಿಯಾಗೇ ಬೈಯುತ್ತಿದ್ದಾಳೆ. ನನಗೆ ಮಗಳ ಮುಖ ನೋಡುವ ಧೈರ್ಯವಿಲ್ಲ, ಅದಕ್ಕೇ ಬರೆಯುತ್ತ ಕೂತಿದ್ದೇನೆ.

ಕಸ್ತೂರಿ ಬಂದು ಹಿಂದೆ ನಿಂತಿದ್ದಾಳೆ. "ಅಪ್ಪಾ, ನನ್ನ ಬಿಟ್ಟು ಬರಾಕ ನೀನ ಬರಬೇಕು ನೋಡು" ಎನ್ನುತ್ತಿದ್ದಾಳೆ. ತಿರುಗಿ ನೋಡಬೇಕು. ಕಣ್ಣು ಒರೆಸಿಕೊಂಡು ತಿರುಗುತ್ತಿದ್ದೇನೆ.