ಸಾವಿನ ಮನೆಗೆ ಮೊದಲು

ಮಾರ್ಚ್ 3
ಇಂದು ಎರಡು ಸಾವು, ಮೂರು ಮದುವೆ, ಒಂದು ಚರಂಡಿ ಕಾಮಗಾರಿ. ಎಂದಿನಂತೆ ಸಾವು ಮೊದಲು. ಮದುವೆಗೆ ತಡವಾದರೆ ಜನ ಕ್ಷಮಿಸುತ್ತಾರೆ. ಹೆಣ ಎತ್ತಿದ ಮೇಲೆ ಹೋದರೆ ಮುಂದಿನ ಚುನಾವಣೆಯವರೆಗೂ ನೆನಪಿಟ್ಟುಕೊಳ್ಳುತ್ತಾರೆ. ವಾರ್ಡ್ ಮೆಂಬರ್ ಆಗಿದ್ದಾಗ ಕಲಿತದ್ದು. ಪುರಸಭೆ ಅಧ್ಯಕ್ಷನಾದದ್ದು, ಎರಡು ಸಲ ಶಾಸಕನಾದದ್ದು ಎಲ್ಲ ಇದರಿಂದಲೇ. ಕುರ್ಚಿ ಕೊಟ್ಟರೂ ನೆಲದ ಮೇಲೆ ಕೂರುವುದು. ಮನೆಯ ಹಿರಿಯ ಹೆಂಗಸಿನ ಪಕ್ಕ. ಮಾತು ಕಡಿಮೆ. ಮೊದಮೊದಲು ನಿಜವಾಗಿಯೂ ಅಳು ಬರುತ್ತಿತ್ತು.
ಸಂಜೆ ಪಕ್ಷದ ಅಧ್ಯಕ್ಷರ ಫೋನ್. ಮುಂದಿನ ತಿಂಗಳು ಸಂಪುಟ ವಿಸ್ತರಣೆ. ನನ್ನ ಹೆಸರಿದೆಯಂತೆ.

ಮಾರ್ಚ್ 6
ಪಿ.ಎ. ಎಡವಟ್ಟು ಮಾಡಿದ. ಟೈಲರ್ ತೀರಿಕೊಂಡರು ಎಂದ—ನನ್ನ ಮೊದಲ ಚುನಾವಣೆಯ ಬ್ಯಾನರ್ ಹೊಲಿದವರು. ಹಾರ ಹಿಡಿದು ಓಡಿದೆ. ಹಿಂದೆ ಒಂದು ದಂಡು ಜನ. ಟೈಲರ್ ಮಂಚದ ಮೇಲೆ ದಿಂಬಿಗೊರಗಿ ಚಹಾ ಕುಡಿಯುತ್ತಿದ್ದರು. ಕಾಯಿಲೆ ಬಿಗಡಾಯಿಸಿದ್ದು ನಿಜ, ಬೆಳಗಾಗುವಷ್ಟರಲ್ಲಿ ಚೇತರಿಸಿಕೊಂಡಿದ್ದರು.
"ಬನ್ನಿ ಸಾರ್. ಸ್ವಲ್ಪ ಬೇಗ ಬಂದ್ಬಿಟ್ರಿ," ಎಂದರು.
ಅವರ ಹೆಂಡತಿ ಹಾರವನ್ನೇ ನೋಡುತ್ತಿದ್ದರು. ಬಾಯಿಗೆ ಬಂದದ್ದು ಹೇಳಿದೆ—ಹಿರಿಯ ಕಾರ್ಯಕರ್ತರಿಗೆ ಸನ್ಮಾನ. ಕೊರಳಿಗೆ ಹಾಕಿಯೂಬಿಟ್ಟೆ. ಎರಡು ಮಾತು ಆಡಿದೆ. ಜನ ಚಪ್ಪಾಳೆ ತಟ್ಟಿದರು. ಟೈಲರ್ ಕೈ ಮುಗಿದರು. 

ಮಾರ್ಚ್ 8
ಟೈಲರ್ ಹೋದರು. ಈ ಸಲ ನಿಜ. ಕೊರಳಲ್ಲಿ ನನ್ನ ಹಾರವೇ. ಪೂರ್ತಿ ಬಾಡಿರಲಿಲ್ಲ.
"ತೆಗೀಬೇಡ ಅಂದ್ರು," ಎಂದರು ಹೆಂಡತಿ. "ಎಮ್ಮೆಲ್ಲೆ ಹಾಕಿದ್ದು ಅಂತ ಹಾಕ್ಕೊಂಡೇ ಮಲಗಿದ್ರು."
ಹೊಗಳಿದರೋ ಶಪಿಸಿದರೋ ತಿಳಿಯಲಿಲ್ಲ. ಅವರ ಪಕ್ಕ ಕೂರಲು ಆಗಲಿಲ್ಲ.

ಮಾರ್ಚ್ 21
ಸರ್ಕಾರಿ ಆಸ್ಪತ್ರೆಯಲ್ಲಿ ಹಣ್ಣು ಹಂಚಿಕೆ. ಒಳಗೆ ಕಾಲಿಟ್ಟೆ... ರೋಗಿಗಳು ಒಬ್ಬೊಬ್ಬರೇ ಗೋಡೆಯ ಕಡೆ ತಿರುಗಿದರು. ಒಬ್ಬ ಮುದುಕ ಮಾತ್ರ ಧಡಕ್ಕನೆ ಎದ್ದು ಕೂತ.
"ನನಗೇನೂ ಆಗಿಲ್ಲ ಸಾಹೇಬ್ರೇ. ನಾಳೆ ಡಿಸ್ಚಾರ್ಜು. ಆ ಕಡೆ ಬೆಡ್ ನೋಡಿ."
ಆ ಕಡೆ ಬೆಡ್ಡಿನವ, "ಯಾಕಣ್ಣ, ನಾನೇನು ಮಾಡಿದ್ದೆ ನಿನಗೆ?" ಎಂದ.
ಎಲ್ಲರೂ ನಕ್ಕರು. ನಾನೂ ನಕ್ಕೆ. ಹಣ್ಣು ಯಾರೂ ಮುಟ್ಟಲಿಲ್ಲ.
ಕಾರಿನಲ್ಲಿ ಡ್ರೈವರನ್ನು ಕೇಳಿದೆ. ಕನ್ನಡಿಯಲ್ಲಿ ನನ್ನ ಮುಖ ನೋಡಿ ಹೇಳಿದ. "ಊರಲ್ಲಿ ಒಂದು ಮಾತಿದೆ ಸಾರ್. ನೀವು ನೋಡೋಕೆ ಬಂದ್ರೆ ಆಸಾಮಿ ಉಳಿಯಲ್ಲ ಅಂತ."

ಏಪ್ರಿಲ್ 9
ಅಕ್ಕನನ್ನು ಅಡ್ಮಿಟ್ ಮಾಡಿ ವಾರವಾಯಿತಂತೆ. ಹೇಳಿದ್ದು ಡ್ರೈವರ್. ಅಕ್ಕನ ಮಗನಿಗೆ ಫೋನ್ ಮಾಡಿ ಬೈದೆ.
"ತಪ್ಪು ತಿಳ್ಕೋಬೇಡಿ ಮಾವ. ನೀವು ಬರೋದು ಬೇಡ."
"ಓದಿದವನು ನೀನು. ನೀನೂ ನಂಬ್ತೀಯೇನೋ?"
"ನಂಬಲ್ಲ ಮಾವ. ಆದ್ರೂ ಬೇಡ."
ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅಕ್ಕ. ಮೊದಲ ಚುನಾವಣೆಯಲ್ಲಿ ಊದಿದ ಕಾಲು ಎಳೆದುಕೊಂಡು ಮನೆಮನೆ ತಿರುಗಿದ್ದಳು. ಅವಳ ಮನೆಗೆ ನಾನು ಹೋಗಿ ವರ್ಷವೇ ಕಳೆದಿದೆ. ಅಲ್ಲಿ ಯಾರೂ ಸತ್ತಿರಲಿಲ್ಲ.

ಏಪ್ರಿಲ್ 15
ನಿನ್ನೆ ಮಂತ್ರಿಯಾದೆ. ಅಕ್ಕ ಟಿವಿಯಲ್ಲಿ ನೋಡಿದಳೋ ಇಲ್ಲವೋ. ಇಂದು ಮೆರವಣಿಗೆ ಅವಳಿರುವ ಆಸ್ಪತ್ರೆಯ ಮುಂದೆಯೇ ಹೋಯಿತು. ಕಾರು ನಿಧಾನ ಮಾಡಿಸಿದೆ. ಮೇಲೆ ನೋಡಿದೆ. ಮೂರನೆಯ ಮಹಡಿಯಲ್ಲಿ ಯಾರೋ ಪರದೆ ಎಳೆದರು. ಆಮೇಲೆ ಪಕ್ಕದ ಕಿಟಕಿಯದೂ.

ಏಪ್ರಿಲ್ 17, ಬೆಳಿಗ್ಗೆ
ಅಕ್ಕನೇ ಫೋನ್ ಮಾಡಿದಳು. ದನಿ ನೂಲಿನಷ್ಟು.
"ಮಂತ್ರಿಗಳಿಗೆ ಪುರುಸೊತ್ತಿದೆಯೇನಪ್ಪ?"
"ನಿನ್ನ ಮಗ ಬೇಡ ಅಂದ ಅಕ್ಕ."
"ಅವನಿಗೇನು ಗೊತ್ತು. ನೋವು ತಡ್ಕೊಳ್ಳೋಕೆ ಆಗ್ತಿಲ್ಲ ಕಣೋ. ನೀನು ಬಂದ್ರೆ ಮುಗಿಯುತ್ತೆ ಅಂತಾರಲ್ಲ... ಬಂದ್ಬಿಡು."
ಎದ್ದು ಕೋಣೆಯ ಬಾಗಿಲು ಹಾಕಿಕೊಂಡೆ.
"ಊರವರಿಗೆಲ್ಲ ಹೋಗ್ತೀಯ. ನಂಗೆ ಮಾತ್ರ ಇಲ್ಲ ಅಂತೀಯಾ?"
ಪಿ.ಎ. ಬಾಗಿಲಾಚೆ ನಿಂತು ಇಂದಿನ ಕಾರ್ಯಕ್ರಮ ಓದುತ್ತಿದ್ದಾನೆ. ಹೋದರೆ, ಅವಳು ಕೇಳಿದ್ದನ್ನು ಕೊಡಲು ಹೋದಂತೆ. ಹೋಗದಿದ್ದರೆ...

ಅದೇ ದಿನ, ಮಧ್ಯಾಹ್ನ
ಬಂದಿದ್ದೇನೆ. ಒಬ್ಬನೇ. ಅಕ್ಕನ ಮಗ ದಾರಿ ಬಿಟ್ಟ, ಮುಖ ನೋಡಲಿಲ್ಲ. ಅಭ್ಯಾಸಬಲದಿಂದ ನೆಲಕ್ಕೆ ಕೂರಲು ಬಗ್ಗಿದೆ.
"ಏಯ್, ಕುರ್ಚಿ ಮೇಲೆ ಕೂತ್ಕೋ. ನಾನಿನ್ನೂ ಇದೀನಿ," ಎಂದಳು ಅಕ್ಕ.
ಕೈ ಹಿಡಿದುಕೊಂಡೆ. ಅವಳ ಮುಖವನ್ನೇ ನೋಡುತ್ತಿದ್ದೆನಂತೆ.
"ಹಾಗೆ ನೋಡ್ಬೇಡ್ವೋ, ಹೆದರಿಕೆ ಆಗುತ್ತೆ. ಡೈರಿ ತಂದಿದೀಯಲ್ಲ, ಏನಾದ್ರೂ ಬರ್ಕೋ."
ಅದಕ್ಕೇ ಬರೆಯುತ್ತಿದ್ದೇನೆ. ಎಡಗೈಯಲ್ಲಿ ಅವಳ ಕೈ. ಬಿಸಿಯಿದೆ. ಉಸಿರಿನ ಸದ್ದು ಕೇಳುತ್ತಿದೆ—ತುಸು ಗೊರಗೊರ. ನೋಡಬೇಡ ಎಂದಿದ್ದಾಳೆ, ನೋಡುವುದಿಲ್ಲ. ಮೇಲೆ ಫ್ಯಾನು ತಿರುಗುತ್ತಿದೆ. ಈಗ ಕೇಳುತ್ತಿರುವ ಸದ್ದು ಫ್ಯಾನಿನದೇ ಇರಬೇಕು. ಕೈ ಬಿಸಿಯಿದೆ. ಅಥವಾ ಅದು ನನ್ನ ಕೈಯ ಬಿಸಿ. ತಲೆ ಎತ್ತಿ ನೋಡಬೇಕು. ಈ ಸಾಲು ಮುಗಿಸಿ