ಅಣ್ಣನ ಪೊರಕೆಗೆ ಸಿಗದ ಪ್ರತಿ

ಇಬ್ಬರೇ ಇರುವ ನಮ್ಮ ಕಂಪನಿಯ ಏಕಮಾತ್ರ ಮುಖ್ಯಸ್ಥರಾದ ಅಣ್ಣಯ್ಯನವರಿಗೆ, ಹಲ್ಲು ಕಡಿಯುತ್ತಾ ನಮಸ್ಕಾರ.

ನಮ್ಮ ಗಿರಾಕಿ ದಂತವೈದ್ಯೆಯ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಸರದಿ ಕೊಡುವ ಟೋಕನ್ ಪ್ರೋಗ್ರಾಮನ್ನು ತಿಂಗಳುಗಟ್ಟಲೆ ಕೂತು ಸರಿಪಡಿಸಿದ್ದೆ. ನಿನ್ನೆ ತಾವು ಕಂಪ್ಯೂಟರ್ ಗುಡಿಸುವ ಪುಣ್ಯಕಾರ್ಯಕ್ಕೆ ಕೈಹಾಕಿ, ಅದರ ಮೇಲೆ ತಮ್ಮ ಹಳೆಯ ಫೈಲನ್ನು ತಂದು ಹೇರಿ, ನಾನು ಮಾಡಿದ್ದನ್ನೆಲ್ಲ ಅಳಿಸಿದಿರಿ. ನಾನು ಆಸೆಯಿಂದ ಬರೆಯುತ್ತಿದ್ದ ಚದುರಂಗದ ಆಟವೂ ಅದೇ ಪೊರಕೆಗೆ ಸಿಕ್ಕಿತು. ಕೇಳಿದರೆ, "ಅಯ್ಯೋ, ಅದೇನು ಮಹಾ! ಇನ್ನೊಂದ್ಸಲ ಬರಿ, ಕೈ ಪಳಗುತ್ತೆ ಕಣೇ" ಅಂದಿರಿ.

ಪ್ರತಿಯೊಂದು ಬದಲಾವಣೆಯನ್ನೂ ನೆನಪಿಟ್ಟು, ಕೆಟ್ಟರೆ ಹಿಂದಿನದನ್ನು ಮರಳಿಸುವ ತಂತ್ರಾಂಶ ಬೇಕೆಂದು ಎಷ್ಟು ಬಡಿದುಕೊಂಡೆ! "ಫೈಲಿಗೆ ‘ಕೊನೆಯದು’ ಅಂತ ಹೆಸರಿಟ್ರೆ ಆಯ್ತಲ್ಲ" ಅಂದಿರಿ. ಈಗ ನಮ್ಮಲ್ಲಿ ‘ಕೊನೆಯದು’, ‘ಕೊನೆಯ ಕೊನೆಯದು’, ‘ದೇವರಾಣೆಗೂ ಕೊನೆಯದು’ ಎಲ್ಲವೂ ಇವೆ, ಒಂದೂ ಓಡುವುದಿಲ್ಲ.

ಆದ್ದರಿಂದ ನಾನೇ ಆರಿಸಿದ್ದೇನೆ. ಒಂದು ಬಗೆಯ ತಂತ್ರಾಂಶದಲ್ಲಿ ಹಳೆಯದೆಲ್ಲ ಒಂದೇ ಯಂತ್ರದಲ್ಲಿರುತ್ತದೆ. ಆ ಯಂತ್ರ ತಮ್ಮ ಮೇಜಿನ ಮೇಲೆಯೇ ಕೂರುತ್ತದೆಂದು ಬಲ್ಲೆ. ಇನ್ನೊಂದರಲ್ಲಿ ಪ್ರತಿಯೊಬ್ಬರ ಬಳಿಯೂ ಪೂರ್ತಿ ಚರಿತ್ರೆಯ ಪ್ರತಿ ಇರುತ್ತದೆ. ಕಚೇರಿಗೂ ನನ್ನ ಆಟಕ್ಕೂ ಈ ಎರಡನೆಯದೇ. ಒಪ್ಪಿದರೆ ಇವತ್ತೇ ಕೆಲಸಕ್ಕೆ ಕೂರುತ್ತೇನೆ. ಇಲ್ಲವಾದರೆ ಸೋಮವಾರ ಪ್ರೋಗ್ರಾಂ ನೋಡಲು ಬರುವ ದಂತವೈದ್ಯೆಯ ಮುಂದೆ ತಾವೊಬ್ಬರೇ ಹಲ್ಲು ಗಿಂಜಿರಿ. ನಾನು ಬೇರೆ ಕಡೆ ಕೆಲಸ ನೋಡಿಕೊಳ್ಳುತ್ತೇನೆ.

ಇತಿ, ಸಿಟ್ಟು ಇನ್ನೂ ಇಳಿಯದ
ತಂಗಿ

ತಾ.ಕ.: ಈ ಪತ್ರವನ್ನೂ ಗುಡಿಸಿ ಎಸೆದು, "ನಂಗೆ ಯಾವ ಕಾಗದವೂ ಬಂದಿಲ್ಲ" ಎನ್ನಬಹುದೆಂದು ಎಣಿಸಬೇಡಿ. ಒಂದು ಪ್ರತಿ ಅಮ್ಮನ ಬಳಿ ಇದೆ, ಇನ್ನೊಂದು ಅತ್ತಿಗೆಯ ಬಳಿ. ಅತ್ತಿಗೆ ಆಗಲೇ ಓದಿದ್ದಾರೆ. ಊಟಕ್ಕೆ ಕೂತಾಗ ಮಾತಾಡುತ್ತಾರಂತೆ.