ಬಂದೂಕಿನ ಹಳೆಯ ಯಜಮಾನ

ಗ್ಲಾರುಸ್, ಸೋಮವಾರ

ಅಪ್ಪಾ,

ಹರಾಜಿನಲ್ಲಿ ಕೊಂಡ ಹಳೆಯ ಸೈನ್ಯದ ಬಂದೂಕನ್ನು ನಾನೇ ರಿಪೇರಿ ಮಾಡಿ ಮುಗಿಸಿದೆ. ಹಿಡಿಯ ಬುಡದ ತಗಡಿನಡಿ, ಆಗಿನ ಸಿಪಾಯಿಗಳು ಇಡುತ್ತಿದ್ದಂತೆ, ಹೆಸರು, ಊರು ಬರೆದ ಚೀಟಿಯಿತ್ತು: ಫ್ರಿಡೊಲಿನ್ ರೈನರ್, ಎಲ್ಮ್. "ಸುಮ್ನಿರು, ವಾಪಸ್ ಕೇಳಿಯಾನು" ಎಂದಿದ್ದೆ ನೀನು. ಬಚ್ಚಿಡಲಾಗದೆ ಆ ರೈನರ್ ಅವರಿಗೆ ಕಾಗದ ಬರೆದೆ.

ನಿನ್ನೆ ಆ ತೊಂಬತ್ತರ ಅಜ್ಜ ನಾನು ಗುರಿ ಅಭ್ಯಾಸ ಮಾಡುವ ಮೈದಾನಕ್ಕೇ ಬಂದರು. ಸೈನ್ಯದ ದಿನಗಳಲ್ಲಿ ತಮ್ಮ ಹಿಮ ಮೆತ್ತಿದ ಬೂಟು ತಾಗಿ ತಾಗಿ ಕಪ್ಪಾದ ಹಿಡಿಯ ಮರವನ್ನು ಸವರಿದರು.

"ಇದನ್ಯಾಕೆ ಉಜ್ಜಿ ಹೊಳಪು ಮಾಡ್ಲಿಲ್ಲ, ಹುಡುಗಿ?"

"ಅದು ನಿಮ್ಮ ಗುರುತು, ಅಜ್ಜಾ. ಬೇಕಿದ್ರೆ ತಗೊಂಡ್ಹೋಗಿ."

"ಶಾಲೆ ಬಿಟ್ಟೋಳು ಅಂತ ಕಾಗದದಲ್ಲಿ ಬರೆದಿದ್ದೆ, ಹೌದಾ?"

"ಹೌದು. ಆಮೇಲೆ ಎರಡು ಕೆಲಸಾನೂ."

"ಈ ರಿಪೇರಿನ ಅರ್ಧಕ್ಕೆ ಬಿಡ್ಲಿಲ್ವಲ್ಲ! ಹೊಡಿ, ನೋಡೋಣ."

ಐದರಲ್ಲಿ ನಾಲ್ಕು ಗುಂಡು ನಟ್ಟನಡುವಿಗೆ! ಐದನೆಯದು ಅಂಚಿಗೆ, ಸುಳ್ಳೇಕೆ? ಅಜ್ಜ ಟೋಪಿ ಹಾರಿಸಿ, "ಇನ್ನು ಇದು ನಿಂದೇ ಕಣೇ!" ಎಂದು ಕೂಗಿದರು.

ಬರುವ ಭಾನುವಾರ ಅವರನ್ನು ನಿನ್ನ ಮನೆಗೆ ಊಟಕ್ಕೆ ಕರೆತರುತ್ತೇನೆ. ಆಲೂಗಡ್ಡೆ ತುರಿದು ಹುರಿಯುವ ರೋಸ್ಟಿ ನೀನೇ ಮಾಡು. ನನ್ನನ್ನು ಹೊಗಳಬೇಕೆನಿಸಿದರೆ ಅವರ ಎದುರೇ ಹೊಗಳು.

ನಿನ್ನ ಮಗಳು,
ವ್ರೇನಿ